10 ಮೀಟರ್ ಗುರಿಗೆ ಸ್ಪ್ರಿಂಗ್ ರೈಫಲ್ಲಾ, ಪಿಸಿಪಿಯಾ? ಯಾವುದರಿಂದ ಎಷ್ಟು ನಿಖರತೆ ನಿರೀಕ್ಷಿಸಬಹುದು

ಮಗುವನ್ನು ಶೂಟಿಂಗಿಗೆ ಸೇರಿಸಿದ ಸ್ವಲ್ಪ ದಿನಕ್ಕೇ ಮನೆಯವರು ಕೇಳುವ ಪ್ರಶ್ನೆ ಒಂದು ಉಂಟು: ಯಾವ ರೈಫಲ್ ತಗೊಂಡರೆ ಹತ್ತಕ್ಕೆ ಹತ್ತು ಬೀಳುತ್ತದೆ? ಮಂಗಳೂರಿನಲ್ಲಿ ಆಫೀಸು ಮುಗಿಸಿ ಸಂಜೆ ಹವ್ಯಾಸಕ್ಕೆ ಗುರಿ ಇಡುವವರೂ ಇದನ್ನೇ ಕೇಳುತ್ತಾರೆ. ಅಂಗಡಿಯವರು ಒಂದು ಹೇಳುತ್ತಾರೆ, ಯೂಟ್ಯೂಬ್ ಇನ್ನೊಂದು ಹೇಳುತ್ತದೆ, ಡಬ್ಬದ ಮೇಲೆ ಮತ್ತೊಂದು ಬರೆದಿರುತ್ತದೆ. ಮೂರರಲ್ಲೂ ಹೇಳದೆ ಬಿಡುವ ಮಾತು ಒಂದೇ. ಶುರುವಿನಲ್ಲಿ ಗುರಿ ತಪ್ಪಿಸುವುದು ರೈಫಲ್ ಅಲ್ಲ, ಹಿಡಿದ ಕೈ. ಕೈ ಎಷ್ಟು ಅಲುಗಾಡುತ್ತದೆ ಅಂತ ಅಳೆದು ನೋಡಿದ ಮೇಲೆ ದುಡ್ಡು ಹಾಕಿದರೆ ಸರಿಯಾದ ರೈಫಲ್ ಸಿಗುತ್ತದೆ. ಅಳೆಯುವುದು ಹೇಗೆ, ಸ್ಪ್ರಿಂಗ್ ಬಲದಿಂದ ಗಾಳಿ ಒತ್ತುವ ಏರ್ ರೈಫಲ್, ಗಾಳಿ ಮೊದಲೇ ತುಂಬಿಸಿಟ್ಟ ಪಿಸಿಪಿ (ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್) ಏರ್ ರೈಫಲ್, ಈ ಎರಡರಲ್ಲಿ ಯಾವುದರಿಂದ ಎಷ್ಟು ನಿರೀಕ್ಷಿಸಬಹುದು ಅಂತ ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲು ಕಾನೂನು. ನಮ್ಮ ಕಡೆ ಕೋವಿ ಅಂದರೆ ಜನರಿಗೆ ನೆನಪಾಗುವುದು ತೋಟದ ಕೋವಿ. ಹಂದಿ, ಮಂಗನ ಕಾಟಕ್ಕೆ ಅಂತ ಲೈಸೆನ್ಸ್ ಪಡೆದು ಇಟ್ಟುಕೊಂಡದ್ದು, ಚುನಾವಣೆ ಬಂದಾಗ ಠಾಣೆಗೆ ಹೋಗಿ ಠೇವಣಿ ಇಡಬೇಕಾದದ್ದು. ಏರ್ ರೈಫಲ್ ಲೆಕ್ಕ ಬೇರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಬೋರ್ (ಒಳಗಿನ ಅಗಲ) 4.5 ಮಿಮೀ ಮೀರದೆ, ಶಕ್ತಿ 20 ಜೂಲ್ ಮೀರದೆ ಇದ್ದರೆ ಲೈಸೆನ್ಸ್ ಬೇಡ. 5.5 ಮಿಮೀ ಬೋರಿನದ್ದಾದರೆ ಬೇಕು. ಸ್ಪರ್ಧೆಯ ಏರ್ ರೈಫಲ್ ಎಲ್ಲವೂ 4.5 ಮಿಮೀ, ಶಕ್ತಿ 7.5 ಜೂಲ್ ಆಸುಪಾಸು, ಹಾಗಾಗಿ ಚಿಂತೆಯಿಲ್ಲ. ಆದರೆ ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಪಕ್ಷಿಗೆ, ಮೊಲಕ್ಕೆ ಹೊಡೆಯಬಹುದು ಅಂತಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಲ್ಲಿ ಮಾತಾಡುತ್ತಿರುವುದು ಕಾಗದದ ಗುರಿಯ ಬಗ್ಗೆ ಮಾತ್ರ.

ಗುರಿ ಎಷ್ಟು ದೊಡ್ಡದು?

10 ಮೀಟರ್ ಏರ್ ರೈಫಲ್ ಗುರಿಯ ಹತ್ತರ ಚುಕ್ಕೆ ಬರೀ 0.5 ಮಿಮೀ. ಪೆನ್ಸಿಲಿನ ಮೊನೆ ಮುಟ್ಟಿಸಿದಷ್ಟು. ಇದನ್ನು ಮೊದಲ ಸಲ ನೋಡಿದವರು ಇದು ಆಗುವ ಹೋಗುವ ಮಾತಲ್ಲ ಅಂದುಕೊಳ್ಳುತ್ತಾರೆ. ಆದರೆ ಪೆಲೆಟ್ಟಿನ (ಏರ್ ರೈಫಲ್ಲಿನ ಚಿಕ್ಕ ಸೀಸದ ಗುಂಡಿನ) ಅಂಚು ಗೆರೆಗೆ ತಾಗಿದರೂ ದೊಡ್ಡ ಅಂಕವೇ ಸಿಗುತ್ತದೆ. ಪೆಲೆಟ್ 4.5 ಮಿಮೀ ಅಗಲ. ಅಂದರೆ ತೂತಿನ ಮಧ್ಯ ಗುರಿಯ ಮಧ್ಯದಿಂದ 2.5 ಮಿಮೀ ಒಳಗೆ ಬಿದ್ದರೆ ಹತ್ತು. ಅಲ್ಲಿಂದ ಹೊರಗೆ ಪ್ರತಿ 2.5 ಮಿಮೀಗೆ ಒಂದೊಂದು ಅಂಕ ಕಡಿಮೆ. 5 ಮಿಮೀ ಒಳಗೆ ಒಂಬತ್ತು, 7.5 ಒಳಗೆ ಎಂಟು, 10 ಮಿಮೀ ಒಳಗೆ ಏಳು. ಇದಿಷ್ಟು ನೆನಪಿಟ್ಟುಕೊಂಡರೆ ಯಾವ ರೈಫಲ್ಲಿನ ಗ್ರೂಪ್ ಅಳತೆ ಕೇಳಿದರೂ ಅದರಿಂದ ಎಷ್ಟು ಅಂಕ ಬರಬಹುದು ಅಂತ ನೀವೇ ಲೆಕ್ಕ ಹಾಕಬಹುದು.

ಗ್ರೂಪ್ ಅಂದರೆ ಒಂದೇ ಜಾಗಕ್ಕೆ ಗುರಿ ಇಟ್ಟು ಹೊಡೆದ ಶಾಟುಗಳಲ್ಲಿ ತೀರಾ ದೂರದ ಎರಡರ ನಡುವಿನ ಅಂತರ. ಅಳೆಯುವುದು ತೂತಿನ ಮಧ್ಯದಿಂದ ಮಧ್ಯಕ್ಕೆ. ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು, ಅದರಲ್ಲಿ 4.5 ಮಿಮೀ ಕಳೆದರೆ ಆಯಿತು.

ಜಾಹೀರಾತಿನ ಗ್ರೂಪನ್ನು ಹಾಗೇ ನಂಬಬೇಡಿ

ಎಲ್ಲರೂ ಎಡವುವುದು ಇಲ್ಲೇ. ವಿಡಿಯೊದಲ್ಲಿ ಒಬ್ಬರು ಮೂರು ಶಾಟ್ ಹೊಡೆದು, ಮೂರೂ ಹತ್ತಿರ ಹತ್ತಿರ ಬಿದ್ದದ್ದನ್ನು ತೋರಿಸುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಮೂರು ಶಾಟಿನ ಗ್ರೂಪ್ ಯಾವಾಗಲೂ ಚಿಕ್ಕದೇ ಬರುತ್ತದೆ. ಶಾಟ್ ಜಾಸ್ತಿಯಾದ ಹಾಗೆ ಅಪರೂಪಕ್ಕೆ ದೂರ ಹೋಗುವ ಶಾಟೂ ಲೆಕ್ಕಕ್ಕೆ ಬರುತ್ತದೆ, ಗ್ರೂಪ್ ಹರಡುತ್ತದೆ. ಸಂಭವನೀಯತೆಯ ಲೆಕ್ಕ ಹಿಡಿದರೆ ಒಂದೇ ರೈಫಲ್, ಒಂದೇ ಕೈ, ಸರಾಸರಿ ಮೂರು ಶಾಟಿಗೆ 10 ಮಿಮೀ ಬಂದರೆ ಐದು ಶಾಟಿಗೆ ಸುಮಾರು 13 ಮಿಮೀ, ಹತ್ತು ಶಾಟಿಗೆ ಸುಮಾರು 16 ಮಿಮೀ ಬರುತ್ತದೆ. ರೈಫಲ್ ಕೆಟ್ಟಿಲ್ಲ, ಕೈಯೂ ಕೆಟ್ಟಿಲ್ಲ. ಅದರ ನಿಜವಾದ ಅಳತೆಯೇ ಅಷ್ಟು. ಸ್ಪರ್ಧೆಯಲ್ಲಿ ಹೊಡೆಯುವುದು 60 ಶಾಟ್. ಮೂರು ಶಾಟಿನ ಫೋಟೊ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಹಾಗಾಗಿ ರೈಫಲ್ ನೋಡಲು ಹೋದಾಗ ಹತ್ತು ಶಾಟಿನ ಗ್ರೂಪ್ ಕೇಳಿ. ಅಥವಾ ಐದು ಶಾಟಿನ ಐದು ಗ್ರೂಪ್ ಹೊಡೆದು ಸರಾಸರಿ ತೆಗೆಯಿರಿ. ಚೆನ್ನಾಗಿ ಬಂದ ಒಂದನ್ನು ಎತ್ತಿಟ್ಟು ಉಳಿದದ್ದನ್ನು ಹರಿದು ಹಾಕುವ ಅಭ್ಯಾಸ ಬೇಡ.

ಸ್ಪ್ರಿಂಗ್ ರೈಫಲ್ ಒಳಗೆ ಏನಾಗುತ್ತದೆ

ನಳಿಗೆ ಬಗ್ಗಿಸಿ ಎಳೆಯುವ ರೈಫಲ್ ಇದು. ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವಲ್ಲಿ ನೋಡಿರುತ್ತೀರಿ. ನಳಿಗೆ ಬಗ್ಗಿಸಿದಾಗ ಒಳಗಿನ ದಪ್ಪ ಸ್ಪ್ರಿಂಗ್ ಒತ್ತಿಕೊಂಡು ಕೂರುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದೆ ದೂಡುತ್ತದೆ, ಅದರ ಮುಂದಿನ ಗಾಳಿ ಒತ್ತಡಕ್ಕೆ ಸಿಕ್ಕಿ ಪೆಲೆಟ್ಟನ್ನು ಹೊರಗೆ ತಳ್ಳುತ್ತದೆ. ಭಾರದ ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಜಾರುತ್ತದೆ. ಪಿಸ್ಟನ್ ಕೊನೆ ಮುಟ್ಟಿ ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಇಷ್ಟೆಲ್ಲ ಆಗುವಾಗ ಪೆಲೆಟ್ ಇನ್ನೂ ನಳಿಗೆಯ ಒಳಗೇ ಇರುತ್ತದೆ.

ಇದರ ಪರಿಣಾಮ ದೊಡ್ಡದು. ರೈಫಲ್ಲನ್ನು ನೀವು ಹಿಡಿದ ರೀತಿ ಪ್ರತಿ ಸಲ ಒಂದೇ ತರ ಇರಬೇಕು. ಮುಂಗೈ ಒಂದು ಇಂಚು ಮುಂದೆ ಹೋದರೆ, ಭುಜಕ್ಕೆ ಸ್ವಲ್ಪ ಗಟ್ಟಿ ಒತ್ತಿದರೆ, ಕೆನ್ನೆ ಬೇರೆ ಕಡೆ ಕೂತರೆ ಪೆಲೆಟ್ ಬೀಳುವ ಜಾಗವೇ ಬದಲಾಗುತ್ತದೆ. ಇದನ್ನು ಬಲ್ಲವರು ಸ್ಪ್ರಿಂಗ್ ರೈಫಲ್ಲನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಂಗೈ ಮೇಲೆ ಸುಮ್ನೆ ಕೂರಿಸಿ, ಅದು ತನ್ನಷ್ಟಕ್ಕೆ ಜಾರಲು ಬಿಡುತ್ತಾರೆ. ಟೇಬಲ್ಲಿನ ಗಟ್ಟಿ ಅಂಚಿಗೆ ಇಟ್ಟು ಹೊಡೆದರೆ ಗುರಿ ಇನ್ನೂ ಕೆಡುತ್ತದೆ. ಹೊಸಬರಿಗೆ ಇದು ವಿಚಿತ್ರ ಅನಿಸುತ್ತದೆ, ಆದರೆ ನಿಜ.

ಸಾಧಾರಣ ಸ್ಪ್ರಿಂಗ್ ರೈಫಲ್ಲಿನಿಂದ ಪಳಗಿದ ಕೈ, ಒಳ್ಳೆಯ ಪೆಲೆಟ್ ಇದ್ದರೆ 10 ಮೀಟರಿನಲ್ಲಿ 5ರಿಂದ 10 ಮಿಮೀ ಗ್ರೂಪ್ ನಿರೀಕ್ಷಿಸಬಹುದು. ಹೊಸಬರು ನಿಂತು ಹೊಡೆದರೆ 30 ಮಿಮೀ, ಅದಕ್ಕೂ ಜಾಸ್ತಿ. ಸ್ಪ್ರಿಂಗ್ ಅಂದರೆ ಕೀಳು ಅಂತಲ್ಲ. ಜರ್ಮನಿಯ ಫೈನ್‌ವೆರ್ಕ್‌ಬೌ 300ಎಸ್ ಕೂಡ ಸ್ಪ್ರಿಂಗ್ ರೈಫಲ್ಲೇ. ಅದರಲ್ಲಿ ಇಡೀ ಯಂತ್ರಭಾಗ ಹಳಿಯ ಮೇಲೆ ಹಿಂದಕ್ಕೆ ಸರಿದು ಒದೆತವನ್ನು ನುಂಗಿಕೊಳ್ಳುತ್ತದೆ. ಅದರ ಗ್ರೂಪ್ ಇವತ್ತಿನ ಸ್ಪರ್ಧೆಯ ರೈಫಲ್ಲುಗಳ ಹತ್ತಿರ ಬರುತ್ತದೆ. ಆದರೆ ಅಂಥದ್ದು ನಮ್ಮ ಅಂಗಡಿಯಲ್ಲಿ ಹತ್ತು ಹದಿನೈದು ಸಾವಿರಕ್ಕೆ ಸಿಗುವ ರೈಫಲ್ ಅಲ್ಲ.

ಪಿಸಿಪಿಯಲ್ಲಿ ಏನು ಬೇರೆ

ಪಿಸಿಪಿಯಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿನಲ್ಲಿ ತುಂಬಿಸಿಟ್ಟಿರುತ್ತಾರೆ, ಸ್ಪರ್ಧೆಯ ರೈಫಲ್ಲುಗಳಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡಕ್ಕೆ. ಟ್ರಿಗರ್ ಎಳೆದಾಗ ವಾಲ್ವ್ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಭಾರದ ಪಿಸ್ಟನ್ ಓಡುವುದಿಲ್ಲ, ಒದೆತ ಇಲ್ಲವೆನ್ನುವಷ್ಟು ಕಡಿಮೆ. ಒಳಗಿನ ರೆಗ್ಯುಲೇಟರ್ ಪ್ರತಿ ಶಾಟಿಗೂ ಹೆಚ್ಚುಕಡಿಮೆ ಒಂದೇ ಒತ್ತಡ ಕೊಡುತ್ತದೆ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ. ಸ್ಪ್ರಿಂಗ್ ರೈಫಲ್ಲಿನ ಡಬ್ಬದ ಮೇಲೆ ಇದಕ್ಕಿಂತ ದೊಡ್ಡ ವೇಗ ಬರೆದಿರುವುದು ಉಂಟು. 10 ಮೀಟರಿಗೆ ಅದರಿಂದ ಏನೂ ಲಾಭವಿಲ್ಲ. ಪ್ರತಿ ಶಾಟಿನ ವೇಗ ಒಂದೇ ಇರುವುದು ಮುಖ್ಯ.

ಸ್ಪರ್ಧೆಗೆಂದೇ ಮಾಡಿದ ಪಿಸಿಪಿಯನ್ನು ಅಲುಗಾಡದಂತೆ ಬಿಗಿದು, ಅದಕ್ಕೆ ಹೊಂದುವ ಪೆಲೆಟ್ ಹಾಕಿ ಹೊಡೆದರೆ ಐದು ಶಾಟಿನ ಗ್ರೂಪ್ 1 ಮಿಮೀ ಆಸುಪಾಸು ಬರುತ್ತದೆ. ಕಾಗದದಲ್ಲಿ ಒಂದೇ ತೂತು ಕಾಣುತ್ತದೆ. ನಮ್ಮ ದೇಶದಲ್ಲೇ ಪ್ರಿಸಿಹೋಲ್‌ನಂಥವರು ಪಿಸಿಪಿ ಮಾಡುತ್ತಾರೆ. ಕಲಿಯುವವರ ಮಟ್ಟದ ಪಿಸಿಪಿಯಿಂದ 2ರಿಂದ 4 ಮಿಮೀ ಸಿಕ್ಕಿದರೆ ತೃಪ್ತಿಪಡಬೇಕು. ಅದೂ ಹತ್ತರ ಜಾಗದ ಒಳಗೇ ಕೂರುವ ಗ್ರೂಪ್, ಅಲ್ವಾ? ಶಾಟಿಗೆ ಗರಿಷ್ಠ 10.9ರಂತೆ 60 ಶಾಟಿಗೆ 654 ಅಂಕದ ಆಟದಲ್ಲಿ ದಶಮಾಂಶಕ್ಕೆ ಗುದ್ದಾಡುವ ಹಂತ ಬರುವವರೆಗೆ ಅದಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ.

ಈಗ ಕೈಯ ಲೆಕ್ಕ

ರೈಫಲ್ಲಿನ ಹರಡುವಿಕೆ ಮತ್ತು ಕೈಯ ಹರಡುವಿಕೆ ಎರಡನ್ನೂ ಸೀದಾ ಕೂಡಿಸುವ ಹಾಗಿಲ್ಲ. ಎರಡನ್ನೂ ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಬೇಕು. ಹೊಸಬರ ಕೈ 30 ಮಿಮೀ ಹರಡುತ್ತದೆ ಅಂದುಕೊಳ್ಳಿ. 8 ಮಿಮೀ ಹರಡುವ ಸ್ಪ್ರಿಂಗ್ ರೈಫಲ್ ಕೊಟ್ಟರೆ ಒಟ್ಟು 31 ಮಿಮೀ. 1 ಮಿಮೀ ಹರಡುವ ಪಿಸಿಪಿ ಕೊಟ್ಟರೆ 30 ಮಿಮೀ. ಲಕ್ಷದ ಮೇಲೆ ದುಡ್ಡು ಹಾಕಿ ಸಿಕ್ಕಿದ್ದು ಒಂದು ಮಿಲಿಮೀಟರ್! ಅದೇ ಮಗು ವರ್ಷ ಅಭ್ಯಾಸ ಮಾಡಿ ಕೈಯನ್ನು 10 ಮಿಮೀಗೆ ತಂದರೆ ಸ್ಪ್ರಿಂಗ್‌ನಲ್ಲಿ ಸುಮಾರು 13, ಪಿಸಿಪಿಯಲ್ಲಿ 10. ಕೈ 6 ಮಿಮೀಗೆ ಬಂದಾಗ ಸ್ಪ್ರಿಂಗ್‌ನಲ್ಲಿ 10, ಪಿಸಿಪಿಯಲ್ಲಿ 6. ಅಲ್ಲಿ ಆಟವೇ ಬೇರೆಯಾಯಿತು. 10 ಮಿಮೀ ಗ್ರೂಪ್ ಗುರಿಯ ಮಧ್ಯಕ್ಕೆ ಕೂತರೆ ಅಂಚಿನ ಶಾಟುಗಳು ಒಂಬತ್ತಕ್ಕೆ ಬೀಳುತ್ತವೆ. 6 ಮಿಮೀ ಗ್ರೂಪಿನಲ್ಲಿ ಹೆಚ್ಚಿನವು ಹತ್ತು.

ಅಂದರೆ ರೈಫಲ್ ಬೆಲೆ ಬಾಳುವುದು ಕೈ ಕುದುರಿದ ಮೇಲೆ. ಇದಕ್ಕೆ ಒಂದು ವಾದ ಎದುರಿಗೂ ಉಂಟು, ಅದನ್ನು ಮುಚ್ಚಿಡಬಾರದು. ಸ್ಪ್ರಿಂಗ್ ರೈಫಲ್ಲಿನಲ್ಲಿ ಶಾಟ್ ಎಂಟಕ್ಕೆ ಬಿದ್ದರೆ, ಅದು ಟ್ರಿಗರ್ ಜಗ್ಗಿದ್ದಕ್ಕೋ, ಹಿಡಿತ ಬದಲಾದದ್ದಕ್ಕೋ, ರೈಫಲ್ಲೇ ಹಾಗೋ ಅಂತ ಮಗುವಿಗೂ ಗೊತ್ತಾಗುವುದಿಲ್ಲ, ಕೋಚಿಗೂ ಗೊತ್ತಾಗುವುದಿಲ್ಲ. ಪಿಸಿಪಿಯಲ್ಲಿ ಎಂಟು ಬಿತ್ತು ಅಂದರೆ ಅದು ನನ್ನದೇ ತಪ್ಪು ಅಂತ ಖಚಿತ. ಕಲಿಕೆಗೆ ಇದು ತುಂಬಾ ದೊಡ್ಡ ಸಹಾಯ. ಅದಕ್ಕೇ ನನ್ನ ಸಲಹೆ ಹೀಗೆ: ಪೀಪ್ ಸೈಟ್ (ಚಿಕ್ಕ ತೂತಿನ ಮೂಲಕ ಗುರಿ ನೋಡುವ) ಸ್ಪರ್ಧೆಗೆ ಹೋಗಬೇಕೆಂಬ ಮಗು ಪಿಸಿಪಿಯಲ್ಲೇ ಕಲಿಯಲಿ, ಆದರೆ ರೇಂಜಿನ, ಅಂದರೆ ಶೂಟಿಂಗ್ ಅಭ್ಯಾಸದ ಜಾಗದ, ರೈಫಲ್ಲಿನಲ್ಲಿ. ಬಾಡಿಗೆ ಕೊಟ್ಟು ಒಂದು ವರ್ಷ ಹೊಡೆಯಲಿ. ಮಕ್ಕಳು ಬೆಳೆಯುತ್ತಾರೆ, ಕೈ ಉದ್ದವಾಗುತ್ತದೆ, ಈ ವರ್ಷ ಅಳತೆಗೆ ಸರಿಯಾದ ಸ್ಟಾಕ್ (ಭುಜಕ್ಕೆ ಒರಗಿಸುವ ಹಿಂಭಾಗ) ಮುಂದಿನ ವರ್ಷ ಗಿಡ್ಡವಾಗುತ್ತದೆ. ಸ್ಪರ್ಧೆಯ ರೈಫಲ್ 5.5 ಕಿಲೋವರೆಗೂ ಇರಬಹುದು, ಚಿಕ್ಕ ಮಕ್ಕಳಿಗೆ ಆ ಭಾರವೇ ಬೇಡ.

ಶಾಲಾ ಕ್ರೀಡಾಕೂಟದಲ್ಲಿ ಓಪನ್ ಸೈಟ್ (ತೂತಿಲ್ಲದ ಸಾದಾ ಸೈಟ್), ಪೀಪ್ ಸೈಟ್ ಅಂತ ಬೇರೆ ಬೇರೆ ವಿಭಾಗ ಉಂಟು. ಓಪನ್ ಸೈಟಿಗೆ ಹೋಗುವವರು ದೇಶಿ ಸ್ಪ್ರಿಂಗ್ ರೈಫಲ್ ಕೊಂಡರೆ ದುಡ್ಡು ಹಾಳಾಗುವುದಿಲ್ಲ. ಮನೆಯಲ್ಲಿ ಖುಷಿಗೆ ಹೊಡೆಯುವ ದೊಡ್ಡವರಿಗೂ ಸ್ಪ್ರಿಂಗ್ ಸಾಕು. ಅದಕ್ಕೆ ಸಿಲಿಂಡರ್ ಬೇಡ, ಪಂಪು ಬೇಡ. ಗುರಿಯ ಹಿಂದೆ ಹಳೆ ಬಟ್ಟೆ ಒತ್ತಿ ತುಂಬಿದ ಗಟ್ಟಿ ಪೆಟ್ಟಿಗೆ, ಅದರ ಹಿಂದೆ ಕಬ್ಬಿಣದ ತಗಡು ಇಡಿ. ಬರೀ ಮುರಕಲ್ಲಿನ ಕಾಂಪೌಂಡಿಗೆ ಹೊಡೆಯಬೇಡಿ, ಸೀಸದ ಚೂರು ತಿರುಗಿ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಹೊಡೆದಾದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ.

ಪೆಲೆಟ್ಟಿನ ಡಬ್ಬ ಬಿಚ್ಚಿ ನೋಡಿ

ರೈಫಲ್ಲಿಗೆ ಇಷ್ಟು ಯೋಚಿಸಿ ಪೆಲೆಟ್ ಮಾತ್ರ ಅಗ್ಗದ್ದು ಕೊಳ್ಳುವವರು ಇದ್ದಾರೆ. ಅಗ್ಗದ ಡಬ್ಬ ಒಂದನ್ನು ಬಿಳಿ ಬಟ್ಟೆ ಮೇಲೆ ಸುರಿದು ಬೆಳಕಿಗೆ ಹಿಡಿದು ನೋಡಿ. ಪೆಲೆಟ್ಟಿನ ಹಿಂಭಾಗ ಟೊಳ್ಳು, ಅಂಚು ತೆಳು. ಕೆಲವದರಲ್ಲಿ ಆ ಅಂಚು ಸೊಟ್ಟಗಾಗಿರುತ್ತದೆ, ಕೆಲವಕ್ಕೆ ಅಚ್ಚಿನ ಚೂರು ಅಂಟಿಕೊಂಡಿರುತ್ತದೆ. ಅಂಥದ್ದು ನಳಿಗೆಯಲ್ಲಿ ಒಂದು ಕಡೆಯಿಂದ ಗಾಳಿ ಸೋರಿಸಿಕೊಂಡು ಹೋಗುತ್ತದೆ, ಸೀದಾ ಹೋಗುವುದಿಲ್ಲ. ಸ್ಪರ್ಧೆಯ ಪೆಲೆಟ್ಟಿನ ತಲೆ ಚಪ್ಪಟೆ, ಕಾಗದದಲ್ಲಿ ಪಂಚ್ ಮಾಡಿದ ಹಾಗೆ ಗುಂಡಗೆ ತೂತು ಮಾಡುತ್ತದೆ, ಅಂಕ ಎಣಿಸುವುದು ಸುಲಭ. ಡಬ್ಬದ ಮೇಲೆ 4.49, 4.50, 4.51 ಅಂತ ತಲೆಯ ಅಳತೆ ಬರೆದಿರುತ್ತಾರೆ. ಯಾವ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ಹೊಡೆದೇ ನೋಡಬೇಕು. ಇಷ್ಟರಲ್ಲೇ ಸ್ಪ್ರಿಂಗ್ ರೈಫಲ್ಲಿನ ಗ್ರೂಪ್ ಅರ್ಧಕ್ಕೆ ಇಳಿದದ್ದೂ ಉಂಟು.

ನಮ್ಮ ಕರಾವಳಿಯ ತೊಂದರೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ವರ್ಷವಿಡೀ ಸಮುದ್ರದ ಉಪ್ಪು ಗಾಳಿ. ಸುರತ್ಕಲ್‌ನಿಂದ ಮಲ್ಪೆವರೆಗೆ ಕಡಲ ಹತ್ತಿರ ಮನೆ ಇರುವವರಿಗೆ ಹೇಳಬೇಕಿಲ್ಲ, ಕಿಟಕಿಯ ಸರಳೇ ತುಕ್ಕು ಹಿಡಿಯುತ್ತದೆ. ರೈಫಲ್ಲನ್ನು ಸ್ಪಂಜಿನ ಪೆಟ್ಟಿಗೆಯಲ್ಲೇ ತಿಂಗಳುಗಟ್ಟಲೆ ಮುಚ್ಚಿಡಬೇಡಿ. ಸ್ಪಂಜು ತೇವ ಹೀರಿಕೊಂಡು ನಳಿಗೆಗೇ ಒತ್ತಿ ಹಿಡಿಯುತ್ತದೆ. ಒರೆಸಿ, ಗನ್ ಆಯಿಲ್ ತೆಳ್ಳಗೆ ಸವರಿ, ಬೀಗ ಹಾಕುವ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ನಿಲ್ಲಿಸಿ. ತೆಂಗಿನೆಣ್ಣೆ ಬೇಡ, ಅದು ಕ್ರಮೇಣ ಅಂಟಾಗುತ್ತದೆ. ಸ್ಪ್ರಿಂಗ್ ರೈಫಲ್ಲಿನ ಪಿಸ್ಟನ್ ಇರುವ ಕೊಠಡಿಗಂತೂ ಯಾವ ಎಣ್ಣೆಯನ್ನೂ ಸುರಿಯಬೇಡಿ. ಒತ್ತಡಕ್ಕೆ ಗಾಳಿ ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ. ಢಮ್ ಅಂತ ಸದ್ದು, ಹೊಗೆ, ಒಂದೊಂದು ಶಾಟಿಗೆ ಒಂದೊಂದು ವೇಗ. ಗುರಿ ಪೂರ್ತಿ ಹಾಳು.

ಪಿಸಿಪಿಗೆ ಇಲ್ಲಿ ಇನ್ನೊಂದು ಸಮಸ್ಯೆ, ಗಾಳಿ ತುಂಬಿಸುವುದು. ಕೈಪಂಪಿನಲ್ಲಿ 200 ಬಾರ್ ತುಂಬಬಹುದು, ಬೆವರು ಇಳಿಯುತ್ತದೆ. ಬೆವರಿಗಿಂತ ದೊಡ್ಡ ತೊಂದರೆ ತೇವ. ಮಳೆಗಾಲದ ಗಾಳಿಯನ್ನು ಒತ್ತಿ ತುಂಬಿದಾಗ ಅದರ ನೀರಿನಂಶವೂ ಸಿಲಿಂಡರಿನೊಳಗೆ ಹೋಗುತ್ತದೆ, ಒಳಗಿಂದ ತುಕ್ಕು ಶುರುವಾಗುತ್ತದೆ. ಪಂಪಿಗೆ ತೇವ ಹೀರುವ ಫಿಲ್ಟರ್ ಇರಲಿ, ನಡುನಡುವೆ ನಿಲ್ಲಿಸಿ ನೀರು ಹೊರಗೆ ಬಿಡಿ. ಸ್ಕೂಬಾ ಡೈವಿಂಗಿಗೆ ತುಂಬುವಂಥ ಒಣ ಗಾಳಿ ಸಿಕ್ಕಿದರೆ ಅದೇ ಉತ್ತಮ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಇದು ಆಗದು, ಅದರ ಒತ್ತಡ ಎಲ್ಲಿಗೂ ಸಾಲದು. ವೆಲ್ಡಿಂಗಿನ ಆಕ್ಸಿಜನ್ ಅಂತೂ ಖಂಡಿತ ತುಂಬಿಸಬಾರದು. ಸಿಲಿಂಡರ್ ಸಿಡಿದು ಜೀವಕ್ಕೇ ಅಪಾಯ.

ಮುಂದೆ .22ಗೆ ಹೋಗುವವರಿಗೆ: ಬೋಲ್ಟ್ ಆ್ಯಕ್ಷನ್ನಾ, ಸೆಮಿ ಆಟೋಮ್ಯಾಟಿಕ್ಕಾ?

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಮೂರು ಭಂಗಿಯಲ್ಲಿ ಕಂಚು ಗೆದ್ದ ಮೇಲೆ .22 (0.22 ಇಂಚು ಬೋರಿನ, ಮದ್ದಿನ ತೋಟಾ ಹಾಕುವ ರೈಫಲ್) ಬಗ್ಗೆ ಕೇಳುವವರೂ ಇದ್ದಾರೆ. ಬೋಲ್ಟ್ ಆ್ಯಕ್ಷನ್ ಅಂದರೆ ಪ್ರತಿ ಶಾಟಿಗೂ ಕೈಯಿಂದ ಬೋಲ್ಟ್ ಎಳೆದು ಮುಚ್ಚುವುದು, ಸೆಮಿ ಆಟೋಮ್ಯಾಟಿಕ್ ಅಂದರೆ ಒಂದು ಶಾಟ್ ಆದ ಮೇಲೆ ಮುಂದಿನ ತೋಟಾ ತಾನೇ ಬಂದು ಕೂರುವುದು. ಸ್ಪರ್ಧೆಗಾದರೆ ಇಲ್ಲಿ ಆಯ್ಕೆಯೇ ಇಲ್ಲ. ಐಎಸ್‌ಎಸ್‌ಎಫ್‌ನ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ) 50 ಮೀಟರ್ ಸ್ಪರ್ಧೆಯಲ್ಲಿ ಪ್ರತಿ ಶಾಟಿಗೂ ಒಂದೊಂದೇ ತೋಟಾ ಕೈಯಿಂದ ತುಂಬುವ ರೈಫಲ್ ಮಾತ್ರ ನಡೆಯುತ್ತದೆ. ಕಾನೂನಿನಲ್ಲೂ ಸೆಮಿ ಆಟೋಮ್ಯಾಟಿಕ್ ರೈಫಲ್ ಸಾಮಾನ್ಯರಿಗೆ ಸುಲಭವಾಗಿ ಸಿಗುವ ವಸ್ತುವಲ್ಲ. .303, 7.62 ಮಿಮೀಯಂಥ ಸೇನೆಯ ಬೋರ್ ಆದರೆ ಬೋಲ್ಟ್ ಇದ್ದರೂ ನಿರ್ಬಂಧವೇ. .22 ಬೋಲ್ಟ್ ರೈಫಲ್ಲಿಗೂ ಲೈಸೆನ್ಸ್ ಬೇಕೇ ಬೇಕು.

ಆದರೂ ನಿಖರತೆಯಲ್ಲಿ ಎರಡಕ್ಕೂ ಯಾಕೆ ವ್ಯತ್ಯಾಸ ಅಂತ ತಿಳಿದಿರುವುದು ಒಳ್ಳೆಯದು. ಬೋಲ್ಟ್ ರೈಫಲ್ಲಿನಲ್ಲಿ ತೋಟಾ ಕೂರುವ ಜಾಗ ಬಿಗಿ, ಬೋಲ್ಟ್ ಪ್ರತಿ ಸಲ ಒಂದೇ ತರ ಮುಚ್ಚಿಕೊಳ್ಳುತ್ತದೆ, ಮೆತ್ತಗಿನ ಸೀಸದ ಗುಂಡಿಗೆ ಗಾಯವಾಗುವುದಿಲ್ಲ. ನಿಧಾನ ವೇಗದ ಸ್ಪರ್ಧೆಯ ತೋಟಾ ಯಾವುದನ್ನಾದರೂ ಹಾಕಿ ನೋಡಬಹುದು. ಸೆಮಿ ಆಟೋದಲ್ಲಿ ತೋಟಾ ಸಿಕ್ಕಿಹಾಕಿಕೊಳ್ಳದೆ ಓಡಬೇಕಾದ್ದರಿಂದ ಆ ಜಾಗವನ್ನು ಸ್ವಲ್ಪ ಸಡಿಲ ಇಡುತ್ತಾರೆ. ಮ್ಯಾಗಜೀನಿನಿಂದ ನುಗ್ಗುವಾಗ ಗುಂಡಿನ ಮೂತಿ ತರಚುತ್ತದೆ. ಯಂತ್ರವನ್ನು ಹಿಂದೆ ದೂಡುವಷ್ಟು ಬಲ ಇರುವ ತೋಟಾವೇ ಬೇಕು, ಅಲ್ಲಿಗೆ ಆಯ್ಕೆ ಕಡಿಮೆಯಾಯಿತು. 50 ಮೀಟರಿನಲ್ಲಿ ಐದು ಶಾಟಿಗೆ ಸಾಧಾರಣ ಬೋಲ್ಟ್ .22ರಿಂದ 15ರಿಂದ 25 ಮಿಮೀ, ಸಾಧಾರಣ ಸೆಮಿ ಆಟೋದಿಂದ 25ರಿಂದ 40 ಮಿಮೀ ಅಂತ ಅಂದಾಜಿಟ್ಟುಕೊಳ್ಳಿ. ಒಳ್ಳೆಯ ನಳಿಗೆ ಹಾಕಿದ ಸೆಮಿ ಆಟೋ ಕಳಪೆ ಬೋಲ್ಟ್ ರೈಫಲ್ಲನ್ನು ಹಿಂದೆ ಹಾಕುವುದೂ ಉಂಟು. ಗ್ರೂಪನ್ನು ಮಿನಿಟ್ (ಕೋನದ ಒಂದು ಡಿಗ್ರಿಯಲ್ಲಿ 60ನೇ ಒಂದು ಭಾಗ) ಲೆಕ್ಕದಲ್ಲಿ ಹೇಳುವವರು ಸಿಕ್ಕಿದರೆ, ಒಂದು ಮಿನಿಟ್ ಅಂದರೆ 100 ಮೀಟರಿಗೆ 29 ಮಿಮೀ, 50 ಮೀಟರಿಗೆ ಅದರ ಅರ್ಧ.

50 ಮೀಟರ್ ಗುರಿಯ ಹತ್ತು 10.4 ಮಿಮೀ ಅಗಲ, ಹಾಗಾಗಿ ಸ್ಪರ್ಧೆಗೆ 25 ಮಿಮೀ ಗ್ರೂಪಿನ ರೈಫಲ್ ಸಾಲದು. ಪಕ್ಕದ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಮಾತ್ರ ಲೆಕ್ಕ ತಿರುಗಿತು. ಸುಲಿದ ಕಾಯಿ ಸುಮಾರು 10 ಸೆಂಟಿಮೀಟರ್. ಅದಕ್ಕೆ ಮೇಲೆ ಹೇಳಿದ ಯಾವ .22 ರೈಫಲ್ ಆದರೂ ಸಾಕು, ತಪ್ಪಿದರೆ ಕೈಯದ್ದೇ ತಪ್ಪು.

ಹಳೆಯದು ಕೊಳ್ಳುವಾಗ

ಮೇಲಿನ ಮಟ್ಟಕ್ಕೆ ಹೋದ ಶೂಟರ್‌ಗಳು ತಮ್ಮ ಹಳೆ ಪಿಸಿಪಿ ಮಾರುತ್ತಿರುತ್ತಾರೆ. ನನ್ನ ಪ್ರಕಾರ ಹೊಸ ಅಗ್ಗದ್ದಕ್ಕಿಂತ ಇದೇ ವಾಸಿ. ಒಳ್ಳೆಯ ನಳಿಗೆ ಏರ್ ರೈಫಲ್ಲಿನಲ್ಲಿ ಬೇಗ ಸವೆಯುವುದಿಲ್ಲ, ಯಾಕಂದರೆ ಒಳಗೆ ಬೆಂಕಿ ಇಲ್ಲ, ಹೋಗುವುದು ಮೆತ್ತಗಿನ ಸೀಸ. ನಳಿಗೆಗಿಂತ ಮೊದಲು ಸಿಲಿಂಡರ್ ನೋಡಿ. ಅದರ ಮೇಲೆ ತಯಾರಾದ ತಾರೀಖು, ಅವಧಿ ಕೆತ್ತಿರುತ್ತಾರೆ. ಅವಧಿ ಮುಗಿದ ಸಿಲಿಂಡರನ್ನು ಸ್ಪರ್ಧೆಗೆ ಒಯ್ಯುವ ಹಾಗಿಲ್ಲ, ಹೊಸದರ ಬೆಲೆಯನ್ನು ರೈಫಲ್ಲಿನ ಬೆಲೆಯಿಂದ ಕಳೆದೇ ಮಾತಾಡಿ. ರೈಫಲ್ಲಿಗೆ ಗಾಳಿ ತುಂಬಿಸಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಒತ್ತಡ ತೋರಿಸುವ ಮುಳ್ಳು ಕೆಳಗೆ ಬಂದಿದೆಯಾ ನೋಡಿ. ಬಂದಿದ್ದರೆ ಎಲ್ಲೋ ಸೀಲ್ ಹೋಗಿದೆ. ಅದು ರಿಪೇರಿಯಾಗುವ ತೊಂದರೆ, ಆದರೆ ಯಾರು ಮಾಡುತ್ತಾರೆ, ಬಿಡಿಭಾಗ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಆಮೇಲೆ ನಿಮ್ಮ ಮಗುವಿನ ಕೈಗೆ ಕೊಡಿ, ಅದೇ ರೇಂಜಿನಲ್ಲಿ ಹತ್ತು ಶಾಟ್ ಹೊಡೆಸಿ, ರೇಂಜಿನ ಬಾಡಿಗೆ ರೈಫಲ್ಲಿನಲ್ಲಿ ಹೊಡೆದ ಹತ್ತು ಶಾಟಿನ ಪಕ್ಕ ಇಟ್ಟು ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಬಂದರೆ ಇನ್ನೂ ಆರು ತಿಂಗಳು ಬಾಡಿಗೆಯದ್ದರಲ್ಲೇ ಹೊಡೆಯಲಿ.